ಎಸ್ತೇರವ್ವನ ಬೆಳಗಿನ ಪ್ರಾರ್ಥನೆ

"ಎಸ್ತೇರವ್ವನಂಥಾ ದೇವರ ಮಗಳ ಮನ್ಯಾಗ ಇಂಥಾ ಕತ್ತಿ ಹೆಂಗ ಹುಟ್ಟಿತಪಾ!"

ಬೆಟಗೇರಿಯ ಚರ್ಚಿನ ಬಾಗಿಲಲ್ಲಿ, ಭಾನುವಾರದ ಆರಾಧನೆ ಮುಗಿಸಿ ಚಪ್ಪಲಿ ಹುಡುಕುತ್ತಿದ್ದ ಅಷ್ಟೂ ಜನರ ಎದುರು, ಸಭೆಯ ಹಿರಿಯ ಜಯಶೀಲಪ್ಪ ಮಾಸ್ತರರು ದೇವಪ್ಪನನ್ನು ಕತ್ತೆ ಮಾಡಿ ಹೀಗಂದರು. ದೇವಪ್ಪ ಮಾಡಿದ ತಪ್ಪಾದರೂ ಏನು? ಸಂಜೆ ಮನೆಯ ಮುಂದೆ ತೀರಿಕೊಂಡ ಅಜ್ಜಿ ಎಸ್ತೇರವ್ವನ ಸ್ಮರಣೆಯ ಕೂಟ. ಮೊಮ್ಮಗನಾದವನು ಎದ್ದು ನಿಂತು ಏನಾದರೂ ಆಡಬೇಕು. "ಏನ ಹೇಳ್ಬೇಕ್ರಿ ಸರ?" ಎಂದು ಕೇಳಿದ್ದ, ಅಷ್ಟೇ.

"ಅಜ್ಜಿ ದಿನಾ ಮಾಡತಿದ್ದ ಪ್ರಾರ್ಥನಿ ಒಂದ ಸಾಲಾದ್ರೂ ಬರತೈತೇನಲೇ ನಿನಗ?"

ಚಪ್ಪಲಿ ಸಿಕ್ಕವರೂ ಹೋಗದೆ ನಿಂತು ನಕ್ಕರು. ದೇವಪ್ಪನ ಮೈಯೆಲ್ಲ ಉರಿಯಿತು.

"ಪೂರಾ ಬರತೈತ್ರಿ. ಸಂಜೀಕ ಮೈಕಿನ್ಯಾಗ ಪೂರಾ ಹೇಳತೀನಿ."

ಮಾಸ್ತರರ ನಗು ಬಿಸಿಲಿಗೆ ಹಾಕಿದ ಹಪ್ಪಳದಂತೆ ಮುದುಡಿತು.

ಯಾಕೆಂದರೆ ಎಸ್ತೇರವ್ವನದು ಪುಸ್ತಕದ ಪ್ರಾರ್ಥನೆಯಲ್ಲ. ಕೋಳಿ ಕೂಗುವ ಹೊತ್ತಿಗೆ ಕಟ್ಟೆಯ ಮೇಲೆ ಮೊಣಕಾಲೂರಿ, ಕಣ್ಣು ಮುಚ್ಚಿ, ದೇವರಿಗೆ ಕಿವಿ ಮಂದವೇನೋ ಎಂಬಂಥ ದನಿಯಲ್ಲಿ, ಓಣಿಯವರ ಹೆಸರು ಹಿಡಿದು, ಅವರವರ ಪಾಪವನ್ನು ಬಿಡಿಸಿ ಹೇಳಿ ಕ್ಷಮೆ ಕೇಳುತ್ತಿದ್ದಳು. ಜ್ವರ ಬಂದರೂ ತಪ್ಪಿಸಿದವಳಲ್ಲ. ಹೆರಿಗೆಯಿರಲಿ ಸಾವಿರಲಿ, ಯಾವ ಜಾತಿಯ ಮನೆಯಾದರೂ ಮೊದಲು ಹೋಗಿ ಒಲೆ ಹಚ್ಚುವವಳೂ ಅವಳೇ. ಹಾಗಾಗಿ ಅವಳ ಬಾಯಿ ಮುಚ್ಚಿಸುವ ಧೈರ್ಯ ಯಾರಿಗೂ ಇರಲಿಲ್ಲ. ಆಗ "ಈ ಮುದುಕಿ ಬಾಯಿ ಸೇದಿಹೋಗ್ಲಿ" ಎಂದು ಚಾದರ ಎಳೆದುಕೊಂಡವರೇ ಈಗ "ಎಂಥಾ ಭಕ್ತಿ, ಎಂಥಾ ಭಕ್ತಿ" ಎಂದು ಮೂಗು ಒರೆಸುತ್ತಿದ್ದರು. ಹೊಗಳಲು ಇವರಿಗೆ ಹೆಣವೇ ಬೇಕು.

ದೇವಪ್ಪ ಆ ಪ್ರಾರ್ಥನೆಯನ್ನು ಹಾಸಿಗೆಯಲ್ಲೇ ಕೇಳಿ ಕೇಳಿ ಬಾಯಿಪಾಠ ಮಾಡಿದ್ದ. ಮಾಸ್ತರರ ಪಾಪ ಮುಗಿಯುತ್ತಲೇ ಅಜ್ಜಿ, ಕಣ್ಣು ತೆರೆಯದೆ, ಹಾಲಿನ ಚರಿಗೆಯನ್ನು ಅವನತ್ತ ಚಾಚುತ್ತಿದ್ದಳು. ಇವನು ಎದ್ದು ಡೇರಿಗೆ ಹೊರಡುತ್ತಿದ್ದ.

ಆ ಸಂಜೆ ಬರೀ ಮಾನದ ಪ್ರಶ್ನೆಯೂ ಆಗಿರಲಿಲ್ಲ. ಲಕ್ಷ್ಮೇಶ್ವರದ ಪ್ರಭುದಾಸರು ಕೂಟಕ್ಕೆ ಬರುವವರಿದ್ದರು. ಮಗಳು ಕರುಣಾಳನ್ನು ಕೊಡುವ ಮೊದಲು ಹುಡುಗನನ್ನು ಕಣ್ಣಾರೆ ನೋಡಬೇಕಂತೆ. ಹಿಂದೆ ಶಿರಹಟ್ಟಿಯಿಂದ, ಮುಂಡರಗಿಯಿಂದ ಬಂದ ಸಂಬಂಧಗಳು ಓಣಿಯಲ್ಲಿ ವಿಚಾರಿಸಿ, ಚಹಾ ಕೂಡ ಕುಡಿಯದೆ ತಿರುಗಿ ಹೋಗಿದ್ದವು. ಕಾರಣ ದೇವಪ್ಪನಿಗೆ ಇವತ್ತಿಗೂ ತಿಳಿದಿರಲಿಲ್ಲ. ಈ ಸಲ ಅಜ್ಜಿಯ ಪ್ರಾರ್ಥನೆ ಒಪ್ಪಿಸಿ ಭಕ್ತಿವಂತ ಅನ್ನಿಸಿಕೊಂಡರೆ ಮದುವೆ ಆದಂತೆಯೇ.

ಮನೆ ಮುಟ್ಟುವಷ್ಟರಲ್ಲಿ ಖಬರ ಮುಟ್ಟಿತ್ತು. ಮೊದಲು ಬಂದವನು ಭಜಿ ಅಂಗಡಿಯ ಹೊನ್ನೇಶ, ಕೈಯಲ್ಲಿ ಮಿರ್ಚಿಯ ಪೊಟ್ಟಣ.

"ಬಿಸಿ ಅದಾವ, ತಿನ್ನೋ ತಮ್ಮಾ. ಅಲ್ಲಾ... ಆ ಎಣ್ಣೀ ಮಾತ ಬರತಿತ್ತಲ್ಲ, ಅದೊಂದ ಬಿಟ್ಟಬಿಡು. ಊರವರು ಕೇಳೂದು ಬ್ಯಾರೆ, ಪರಊರವರು ಕೇಳೂದು ಬ್ಯಾರೆ."

"ಅಜ್ಜಿ ಮಾತ ನಾ ಹೆಂಗ ಬಿಡ್ಲೋ ಹೊನ್ನೇಶಣ್ಣಾ?"

"ಹಂಗಾರ ಅಖ್ತರೀದೂ ಬಿಡಬ್ಯಾಡ ಮತ್ತ!"

ಅವನು ಅತ್ತ ಹೋಗುತ್ತಲೇ ಪಕ್ಕದ ಮನೆಯ ಅಖ್ತರಿ ಗೋಡೆಯ ಮೇಲಿಂದ ಇಣುಕಿದಳು. "ನಮ್ಮತ್ತಿಗೆ ಕಿವಿ ಕೇಳಂಗಿಲ್ಲಂತ ಇಷ್ಟ ದಿನ ಬದುಕೀನಿ ದೇವಪ್ಪಾ. ಇವತ್ತ ಮೈಕ ಹಚ್ಚತೀರಂತಲ್ಲ! ಚಸ್ಮಾದ ಸುದ್ದಿ ತಗೀಬ್ಯಾಡ ನೋಡು. ಬೇಕಾರ ಮಾಸ್ತರಂದು ಎರಡ ಸಲ ಹೇಳು."

ಮಧ್ಯಾಹ್ನದ ಬಿಸಿಲಲ್ಲಿ, ಯಾರೂ ಓಡಾಡದ ಹೊತ್ತು ನೋಡಿ, ಮಾಸ್ತರರೇ ಎರಡು ಕುರ್ಚಿ ತಲೆಯ ಮೇಲೆ ಹೊತ್ತು ಹಿತ್ತಿಲಿನಿಂದ ಬಂದರು. ಮಗಳ ಮದುವೆಗೆಂದು ಚರ್ಚಿನಿಂದ ಒಯ್ದ ಕುರ್ಚಿಗಳು. ಆ ಮಗಳ ಮಕ್ಕಳು ಈಗ ಶಾಲೆಗೆ ಹೋಗುತ್ತಿದ್ದರು.

"ಸಂಜೀಕ ಮಂದಿ ಕುಂಡ್ರಾಕ ಬೇಕಾಗತಾವ ಅಂತ ತಂದೆ, ಮಗನ."

ಬೆಳಿಗ್ಗೆ ಕತ್ತೆಯಾಗಿದ್ದವನು ಮಧ್ಯಾಹ್ನಕ್ಕೆ ಮಗನಾಗಿದ್ದ! ದೇವಪ್ಪ ಯಾರಿಗೂ ಮಾತು ಕೊಡಲಿಲ್ಲ. ಇಡೀ ಓಣಿ ತನ್ನೆದುರು ಕೈ ಹಿಸುಕಿಕೊಳ್ಳುವುದನ್ನು ಹುಟ್ಟಿದಾಗಿನಿಂದ ಕಂಡವನಲ್ಲ ಅವನು.

ಸಂಜೆ ಗದಗಿನಿಂದ ಸಭಾಪಾಲಕರು ಬಂದರು. ಪ್ರಭುದಾಸರು ಇಸ್ತ್ರಿ ಅಂಗಿಯಲ್ಲಿ ಬಂದು ಮುಂದೆಯೇ ಕೂತರು. ಹಾಡು ಮುಗಿಯಿತು. ದೇವಪ್ಪ ಮೈಕು ಹಿಡಿದು ಕಣ್ಣು ಮುಚ್ಚಿದ.

"ತಂದೀ, ಹೊನ್ನೇಶಗ ಕರ್ರಗಾದ ಎಣ್ಣಿ ಚೆಲ್ಲೂ ಬುದ್ಧಿ ಕೊಡು."

"ಚೆಲ್ಲೀನಿ! ಬೇಕಾರ ಗಟಾರ ನೋಡ್ರಿ!" ಎಂದು ಹೊನ್ನೇಶ ಕೂತಲ್ಲಿಂದಲೇ ಒದರಿದ.

"ಅಖ್ತರಿ ತನ್ನ ಅತ್ತೀ ಚಸ್ಮಾ ಮುಚ್ಚಿಡೂದು ಬಿಡಸು."

ಅತ್ತೆ ಬೀಬಿಜಾನ ಎಷ್ಟೋ ದಿನದ ಮೇಲೆ ಚಸ್ಮಾ ಸಿಕ್ಕ ಖುಷಿಯಲ್ಲಿ ಎಲ್ಲರ ಮುಖ ನೋಡುವುದರಲ್ಲೇ ಮೈಮರೆತಿದ್ದಳು. ಅಖ್ತರಿ ಉಸಿರು ಬಿಟ್ಟಳು.

"ಜಯಶೀಲಪ್ಪನ ಮನ್ಯಾಗಿನ ಕುರ್ಚಿ ನಿನ್ನ ಮನೀಗೆ ಬರ್ಲಿ."

ಸಭಾಪಾಲಕರು ತಾವು ಕೂತ ಕುರ್ಚಿಯನ್ನು ಒಮ್ಮೆ ತಡವಿಕೊಂಡರು. "ಬಂದಾವಲ್ಲ, ಸ್ತೋತ್ರ!" ಎಂದರು ಮಾಸ್ತರರು, ಹಲ್ಲು ಕಚ್ಚಿ.

ದೇವಪ್ಪನಿಗೆ ತನ್ನ ದನಿಯಲ್ಲಿ ಅಜ್ಜಿಯ ದನಿಯೇ ಕೇಳಿದಂತಾಗಿತ್ತು. ಪ್ರಭುದಾಸರು ಕಣ್ಣು ಒರೆಸುತ್ತಿದ್ದರು. ಗೆದ್ದೆ ಎಂದುಕೊಂಡು "ಆಮೆನ್" ಎಂದ.

"ಇನ್ನೂ ಐತಲ್ಲ ದೇವಪ್ಪಾ?" ಎಂದಳು ಅಖ್ತರಿ, ಬೆಲ್ಲದಂಥ ದನಿಯಲ್ಲಿ. "ನೀ ಹಾಲಿಗೆ ಹ್ವಾದ ಮ್ಯಾಲಿಂದು?"

"ಏನೈತಿ?"

ಮಾಸ್ತರರು ಎದ್ದು ಬಂದು ಮೈಕು ಕಸಿದುಕೊಂಡರು. ಓಣಿಗೆ ಓಣಿಯೇ ಕಣ್ಣು ಮುಚ್ಚಿ ಅವರೊಂದಿಗೆ ದನಿಗೂಡಿಸಿತು. ದಿನವೂ ಕೇಳಿದ ಪಾಠ, ಒಬ್ಬರೂ ತಡವರಿಸಲಿಲ್ಲ.

"ತಂದೀ, ನಮ್ಮ ದೇವಪ್ಪ ಹಾಲಿಗೆ ಹೋಗ್ಯಾನ, ಅದಕ್ಕ ಹೇಳಾಕತ್ತೀನಿ. ಪ್ರಿಂಟಿಂಗ ಪ್ರೆಸ್ಸಿನ ಕೆಲಸಕ್ಕ ಹೊಂಟೀನಿ ಅಂತ ಹೇಳಿ ಕೆರೀ ದಂಡಿಗೆ ಮಲಗತಾನ. ಯಾವ ಕೆಲಸದಾಗೂ ನಿಂದರಂಗಿಲ್ಲ. ಸಿಟ್ಟಂತೂ ಮೂಗಿನ ಮ್ಯಾಲ. ಹುಡುಗ ಬಂಗಾರ, ಖರೆ. ಆದ್ರ ಇವಗ ಬುದ್ಧಿ ಬರೂತನಕ ಯಾರ ಹೆಣ್ಣಮಗಳನ್ನೂ ಇವನ ಕೊಳ್ಳಿಗೆ ಕಟ್ಟಬ್ಯಾಡಪಾ. ಪಾಪ, ಆ ಕೂಸರ ಏನ ಮಾಡೇತಿ?"

"ಆಮೆನ್!"

ಎಲ್ಲರಿಗಿಂತ ಗಟ್ಟಿಯಾಗಿ ಅಂದವರು ಪ್ರಭುದಾಸರು. ಅಷ್ಟರಲ್ಲೇ ಅವರ ಒಂದು ಕಾಲು ಚಪ್ಪಲಿಯೊಳಗಿತ್ತು. "ಲಕ್ಷ್ಮೇಶ್ವರದ ಬಸ್ಸ ತಪ್ಪಿ ಹೊಕ್ಕೈತ್ರಿ," ಎಂದು ಸಭಾಪಾಲಕರಿಗೆ ಕೈ ಮುಗಿದು ನಡೆದರು.

ಎಸ್ತೇರವ್ವ ಬದುಕಿರುವಾಗ ಎಂದೂ ಪೂರಾ ಫಲಿಸದ ಪ್ರಾರ್ಥನೆ ಅವತ್ತು ಒಂದೇ ದಿನದಲ್ಲಿ ಪೂರ್ತಿ ಈಡೇರಿತ್ತು.

"ಏನಲೇ ಕತ್ತಿ," ಎಂದರು ಮಾಸ್ತರರು ಮೈಕಿನಲ್ಲೇ, "ಈಗ ಪೂರಾ ಬಂತೇನು?"

ಓಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಏನು ನಡೆಯಿತೆಂದು ಕೇಳಿಸದ ಬೀಬಿಜಾನ ಕೂಡ ಜೊತೆಗೆ ನಕ್ಕಳು. ಹಾರ ಹಾಕಿದ ಫೋಟೋದಲ್ಲಿ ಎಸ್ತೇರವ್ವ ಮಾತ್ರ ಎಂದಿನಂತೆ ಕಣ್ಣು ಮುಚ್ಚಿಕೊಂಡೇ ಇದ್ದಳು. ದೇವಪ್ಪ ಗೂಡಿನಲ್ಲಿದ್ದ ಹಾಲಿನ ಚರಿಗೆ ಎತ್ತಿಕೊಂಡು, ದಿನಾ ಬೆಳಿಗ್ಗೆಯಂತೆ ಓಣಿ ದಾಟಿ ಡೇರಿಯತ್ತ ನಡೆದುಹೋದ.