ಚೀನಿ ಕಡುಬೂ ಮಾದನಹಿಪ್ಪರಗಾದ ಊಟವೂ

ಆ ದಿನ ಬೆಳಿಗ್ಗೆ ಇಲಿ ಧರ್ಮಣ್ಣನ ರೇಷ್ಮೆ ರುಮಾಲನ್ನು ಬಿಟ್ಟು ಬೇರೇನನ್ನಾದರೂ ಕಡಿದಿದ್ದರೆ ಅವನ ಬಾಳು ಬೇರೆ ದಾರಿ ಹಿಡಿಯುತ್ತಿತ್ತು. ಆದರೆ ಅವನ ಕೋಣೆಯಲ್ಲಿ ಇಲಿಗೆ ಕಡಿಯಲು ಬೇರೆ ಏನಿತ್ತು ಹೇಳಿ? ಆಳಂದದಲ್ಲಿ ಕಾಳುಕಡಿ ದಲ್ಲಾಳಿಯ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ ಧರ್ಮಣ್ಣ ಒಂಟಿ ಜೀವ. ತಂದೆ ತಾಯಿ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಖಾನಾವಳಿಯ ನೀರುಸಾರು, ಒಣಕಲು ರೊಟ್ಟಿ ತಿಂದು ತಿಂದು ಬೇಸತ್ತವನಿಗೆ ಮದುವೆ ಎಂದರೆ ಮೊದಲು ಕಣ್ಣ ಮುಂದೆ ಬರುತ್ತಿದ್ದುದು ಹೆಣ್ಣಲ್ಲ, ಹೆಣ್ಣಿನ ಮನೆಯ ಅಡುಗೆಮನೆ.

ಅಂಥ ಅಡುಗೆಮನೆಯೊಂದು ಕೊನೆಗೂ ಒದಗಿ ಬಂದಿತ್ತು. ಮಾದನಹಿಪ್ಪರಗಾದ ತೊಗರಿ ವ್ಯಾಪಾರಿ ಸೈದಪ್ಪನಿಗೆ ಭಾಗಮ್ಮ ಒಬ್ಬಳೇ ಮಗಳು. ನೆಲದೊಳಗಿನ ಹಗೇವಿನ ತುಂಬ ಜೋಳ, ಹಿತ್ತಲಿನ ತುಂಬ ಎಮ್ಮೆ. ಅಳಿಯನಾಗುವವನು ಮನೆಯಲ್ಲೇ ಇರಬೇಕು ಎಂಬುದೊಂದೇ ಕರಾರು. ಬೇರೆ ಗಂಡಸರಿಗೆ ಈ ಕರಾರು ಕೇಳಿ ಮೀಸೆ ಕುಣಿಯುತ್ತಿತ್ತೇನೋ. ಧರ್ಮಣ್ಣನಿಗೆ ಬಾಯಲ್ಲಿ ನೀರೂರಿತ್ತು. ಆ ಸಂಜೆ ಅವರ ಮನೆಯಲ್ಲಿ ಊಟ. ಹೆಣ್ಣು ನೋಡುವುದೂ ಅಲ್ಲೇ, ಗಂಡು ನೋಡುವುದೂ ಅಲ್ಲೇ.

ಸಂಬಂಧ ತಂದವಳು ಪಕ್ಕದ ಮನೆಯ ತುಳಜಾಬಾಯಿ. ಓಣಿಯಲ್ಲಿ ಯಾರ ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದು ಒಲೆ ಹಚ್ಚುವ ಮೊದಲೇ ಆಕೆಗೆ ಗೊತ್ತಿರುತ್ತಿತ್ತು. ಬೆಳಿಗ್ಗೆಯೇ ಬಂದು ಬಾಗಿಲಲ್ಲಿ ನಿಂತು ತಾಕೀತು ಮಾಡಿದಳು.

"ನೋಡಪಾ ಧರ್ಮಣ್ಣ, ಅವರು ವರನ್ನ ಪರೀಕ್ಷಾ ಮಾಡೋದು ಊಟದಾಗ. ತುಂಬಿದ ಮನಿ ಅದು. ನೀ ಗುಬ್ಬಿ ಹಂಗ ಕೊಕ್ಕ ಹಾಕಿದಿ ಅಂದ್ರ ಇವ ರೋಗಿಷ್ಟ ಅದಾನ ಅಂತ ಕಳಿಸಿಬಿಡ್ತಾರ."

"ಉಣ್ಣೋದು ನನಗ ಹೇಳಿಕೊಡಬೇಕೇನ್ರಿ ಮಾವಶಿ?" ಎಂದ ಧರ್ಮಣ್ಣ. ಹೊಟ್ಟೆಯಲ್ಲಿ ಜಾಗ ಇರಲೆಂದು ಅಂದು ಚಹಾ ಕೂಡ ಮುಟ್ಟಿರಲಿಲ್ಲ.

ಆಮೇಲೆ ಟ್ರಂಕು ತೆಗೆದ. ರುಮಾಲು ಬಿಡಿಸಿ ಹಿಡಿದರೆ ಅದರ ತೂತುಗಳೊಳಗಿಂದ ಇಡೀ ಓಣಿ ಕಾಣಿಸುತ್ತಿತ್ತು. ಎದುರು ಮನೆಯ ದರ್ಜಿ ದಾವಲಸಾಬ ಕೂಗದಿದ್ದರೂ ಬಂದ. ಯಾರ ಮನೆಯಲ್ಲಿ ತೊಂದರೆಯಾದರೂ ಕೂಗದೆ ಬರುವುದು ಅವನ ಸ್ವಭಾವ.

"ಅರೇ, ಇದನ್ನ ಹೊಲದ್ರ ರುಮಾಲ ಆಗಂಗಿಲ್ಲ, ಜರಡಿ ಆಗ್ತದ," ಎಂದ. "ಬರೇ ತಲೀಲೆ ಬೀಗರ ಮನಿಗಿ ಹೋದಿ ಅಂದ್ರ ಕೆಟ್ಟ ಸುದ್ದಿ ಹೇಳಾಕ ಬಂದಾನ ಅಂತ ತಿಳೀತಾರ. ನಡಿ, ಚಾಂಗಸಾಬನ ಕಡೆ ಒಂದು ರುಮಾಲ ಉಳದದ."

ಚಾಂಗಸಾಬ ಚೀನಾ ದೇಶದವನು. ಸೈಕಲ್ ಮೇಲೆ ರೇಷ್ಮೆ ಬಟ್ಟೆಯ ಗಂಟು ಹೇರಿಕೊಂಡು ಊರೂರು ತಿರುಗುತ್ತಿದ್ದ. ಆ ವರ್ಷ ಸೊಲ್ಲಾಪುರದ ಕಡೆ ಸ್ವರಾಜ್ಯ ಬಂತು, ಆಳಂದದ ಕಡೆ ನಿಜಾಮರ ರಾಜ್ಯವೇ ಉಳಿಯಿತು. ಗಡಿಯಲ್ಲಿ ಹಿರೋಳ್ಳಿಯ ಆಚೆ ಸುಂಕದ ನಾಕಾ ಎದ್ದು, ಅವನ ರೇಷ್ಮೆಯೆಲ್ಲ ಅತ್ತ, ಅವನು ಇತ್ತ ಆದ. ಸುಮ್ಮನೆ ಕೂರುವ ಆಸಾಮಿಯಲ್ಲ. ಬಜಾರಿನ ಮೂಲೆಯಲ್ಲೊಂದು ಖೋಲಿ ಹಿಡಿದು ಖಾನಾವಳಿ ತೆರೆದುಬಿಟ್ಟ. ಬಿದಿರಿನ ಬುಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ಉಗಿಯಲ್ಲಿ ಪುಟ್ಟ ಪುಟ್ಟ ಕಡುಬು ಬೇಯಿಸುತ್ತಿದ್ದ. ಜನ ಬಾಗಿಲವರೆಗೆ ಬಂದು, ಮೂಗು ಅರಳಿಸಿ ವಾಸನೆ ಹೀರಿ, ಒಳಗೆ ಕಾಲಿಡಲು ಧೈರ್ಯ ಸಾಲದೆ ಹಿಂತಿರುಗುತ್ತಿದ್ದರು. ಒಳಗೆ ಹೋಗುತ್ತಿದ್ದವನು ದಾವಲಸಾಬ ಒಬ್ಬನೇ.

"ಬರ್ರಿ ಅಕ್ಕಾ, ಕುಂದರ್ರಿ ಅಕ್ಕಾ," ಎಂದು ಚಾಂಗಸಾಬ ನಡು ಬಗ್ಗಿಸಿ ಸ್ವಾಗತಿಸಿದ.

ಧರ್ಮಣ್ಣ ತನ್ನ ಮೀಸೆ ಮುಟ್ಟಿ ನೋಡಿಕೊಂಡ. ಚಾಂಗಸಾಬ ಕನ್ನಡ ಕಲಿತದ್ದು ಮನೆಬಾಗಿಲಲ್ಲಿ ಹೆಂಗಸರಿಗೆ ಬಟ್ಟೆ ಮಾರುತ್ತ. ಹಾಗಾಗಿ ಅವನ ಪಾಲಿಗೆ ಗಿರಾಕಿ ಎಂದರೆ ಅಕ್ಕ. ಮೀಸೆ ಗಡ್ಡಗಳನ್ನು ಅವನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

"ರುಮಾಲ ಅದ ಅಕ್ಕಾ, ಬಣ್ಣ ಹೋಗಂಗಿಲ್ಲ. ಮೊದಲ ತಿನ್ರಿ. ಮುಖದಾಗ ಹಸಿವಿ ಕಾಣಸ್ತದ. ಹಸದ ಮನಷ್ಯಾಗ ಅರಿವಿ ಮಾರಬಾರದು."

"ಇಲ್ರಿ, ನನಗ ಸಂಜೀಕ..." ಎನ್ನುವಷ್ಟರಲ್ಲಿ ದಾವಲಸಾಬ ಮೊಣಕೈಯಿಂದ ತಿವಿದ.

"ಒಲ್ಲೆ ಅನಬ್ಯಾಡ. ಮನಸ್ಸಿಗಿ ಹಚ್ಕೋತಾನ. ರುಮಾಲ ಹೋತು ತಿಳಿ."

"ಒಳಗ ಏನು ಹಾಕ್ಯಾನೋ?"

"ಮೆಂತ್ಯಪಲ್ಯ, ಉಳ್ಳಾಗಡ್ಡಿ. ಖಂಡ ತಿನ್ನಲಾರದ ನಿಮ್ಮಂಥವರ ಸಲುವಾಗಿ ಒಲಿ ಬ್ಯಾರೆ, ಬುಟ್ಟಿ ಬ್ಯಾರೆ ಇಟ್ಟಾನ. ನಂದು ಆ ಕಡೀ ಬುಟ್ಟಿ. ಖುದಾ ಕಸಮ್, ನಾ ಕಣ್ಣಾರೆ ನೋಡೇನಿ."

ಒಂದೇ ಒಂದು ತಿಂದು ಏಳುವುದೆಂದು ಧರ್ಮಣ್ಣ ನಿರ್ಧರಿಸಿದ. ಆದರೆ ಬೆಳಗಿನಿಂದ ಖಾಲಿಯಿದ್ದ ಹೊಟ್ಟೆ ಯಾರ ನಿರ್ಧಾರವನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ತೆಳ್ಳನೆಯ ಗೋಧಿ ಹಿಟ್ಟಿನ ಹೊದಿಕೆಯೊಳಗೆ ಬಿಸಿ ಬಿಸಿ ಪಲ್ಯ, ಅದರ ಜೊತೆಗೆ ಹುಳಿಯಲ್ಲಿ ಅದ್ದಿದ ಖಾರ. ನೋಡುನೋಡುತ್ತಿದ್ದಂತೆ ತಾಟು ಬರಿದಾಯಿತು. ತಾಯಿ ಚಿಕ್ಕಂದಿನಲ್ಲಿ ಕಲಿಸಿದ್ದಂತೆ ಅವನು ತಾಟಿಗೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನೂ ಕುಡಿದ. ಅವರ ಮನೆಯಲ್ಲಿ ಅನ್ನವೆಂದರೆ ಪ್ರಸಾದ. ಒಂದು ಅಗುಳನ್ನು ಬಿಟ್ಟರೂ ತಾಯಿ ಎರಡು ದಿನ ಮಾತು ಬಿಡುತ್ತಿದ್ದಳು.

ಇದನ್ನು ಕಂಡ ಚಾಂಗಸಾಬನ ಮುಖ ಬಾಡಿತು. ಒಳಗೆ ಓಡಿಹೋಗಿ ಇನ್ನೊಂದು ಬುಟ್ಟಿ ತಂದು ತಾಟಿಗೆ ಸುರಿದ. ಧರ್ಮಣ್ಣ ಮರ್ಯಾದೆಗೆಂದು ಅದನ್ನೂ ತಿಂದ, ತೊಳೆದು ಕುಡಿದ. ಚಾಂಗಸಾಬ ಹಣೆಯ ಬೆವರು ಒರೆಸಿಕೊಂಡು ಮತ್ತೊಂದು ಬುಟ್ಟಿ ತಂದ. ಅದೂ ಮುಗಿಯಿತು. ಮತ್ತೆ ಬಂತು.

"ಸಾಕಂತ ಹೇಳೋ ದಾವಲ್ಯಾ!"

"ನೀನೇ ನಾಚಿಗಿ ಬಿಟ್ಟು ಉಣ್ಣೋ. ಪಾಪ, ಎಷ್ಟು ಪ್ರೀತೀಲೆ ಹಾಕಾಕತ್ತಾನ," ಎಂದ ದಾವಲಸಾಬ, ತನ್ನ ಬುಟ್ಟಿಯಿಂದ ತಲೆಯೆತ್ತದೆ.

ಧರ್ಮಣ್ಣನ ಕಣ್ಣುಗುಡ್ಡೆ ಮೇಲಕ್ಕೆ ಹೋಗತೊಡಗಿದಾಗ ದಾವಲಸಾಬನಿಗೂ ಗಾಬರಿಯಾಯಿತು. "ಚಾಂಗಭಾಯಿ, ಬಸ್ ಕರೋ. ಮನಷ್ಯಾನ್ನ ಕೊಲ್ತೀಯೇನು?"

ಚಾಂಗಸಾಬ ಅಳುವವನಂತೆ ಕೈ ಮುಗಿದ. "ನಾ ಏನ್ ಮಾಡ್ಲಿ? ನಮ್ಮ ಊರಾಗ ತಾಟಿನ್ಯಾಗ ಒಂದೀಟು ಬಿಟ್ರ ಹೊಟ್ಟಿ ತುಂಬೇದ ಅಂತ ಅರ್ಥ. ಖಾಲಿ ಮಾಡಿದ್ರ ಇನ್ನಾ ಹಸದಾರ, ಹಾಕಿದವನ ಮರ್ಯಾದಿ ಹೋತು ಅಂತ. ಈ ಅಕ್ಕ ತಾಟು ತೊಳದ ನೀರೂ ಬಿಡವಲ್ರು! ನಾ ಹ್ಯಾಂಗ ನಿಲ್ಲಸ್ಲಿ?"

"ಕೇಳಿದಿಲ್ಲೋ ಧರ್ಮಣ್ಣ? ಒಂದೇ ಒಂದು ಕಡುಬ ಬಿಡು. ಜೀವ ಉಳೀತದ."

"ಪ್ರಸಾದ ಬಿಡಾಕ ಬರ್ತದೇನೋ? ನಮ್ಮವ್ವ ಮ್ಯಾಲಿಂದ ನೋಡಾಕತ್ತಿರ್ತಾಳ!"

ಬಿಡಲೇಬೇಕೆಂದು ಒಮ್ಮೆ ಕೈ ಹಿಂದಕ್ಕೆಳೆದು ಕೂತದ್ದೂ ಆಯಿತು. ಕೊನೆಯ ಕಡುಬು ತಾಟಿನ ನಡುವೆ ಅನಾಥ ಕೂಸಿನಂತೆ ಕೂತಿತ್ತು. ಅದನ್ನು ನೋಡುತ್ತ ನೋಡುತ್ತ ಧರ್ಮಣ್ಣನ ಕೈ ತಾನಾಗಿಯೇ ಮುಂದೆ ಹೋಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಬಜಾರೇ ನೆರೆದಿತ್ತು. "ಉಡದಾರ ಸಡ್ಲ ಮಾಡೋ!" "ಎದ್ದು ನಾಕು ಸಲ ಜಿಗದು ಕುಂದ್ರು, ಜಾಗ ಆಗ್ತದ!" ಎಂದು ದಿಕ್ಕಿಗೊಂದು ಸಲಹೆ. ನಡುವೆ ಯಾರೋ ಒಬ್ಬನಿಗೆ ಹೊಳೆಯಿತು: ನೇಮದ ಮನೆಯ ಹುಡುಗ, ತಾಟು ತೊಳೆದು ಕುಡಿಯುವಷ್ಟು ರುಚಿಯಾಗಿದ್ದರೆ ಅದರಲ್ಲೇನೋ ಇರಲೇಬೇಕು! ಅವನು ಒಳಗೆ ಬಂದ. ಅವನ ಹಿಂದೆ ಹತ್ತು ಮಂದಿ ನುಗ್ಗಿದರು. ಇಷ್ಟು ದಿನ ಹೊಸ್ತಿಲಾಚೆ ವಾಸನೆ ಹಿಡಿದವರೆಲ್ಲ ಒಮ್ಮೆಗೇ ಕೂತು, ಬುಟ್ಟಿಯ ಮೇಲೆ ಬುಟ್ಟಿ ಖಾಲಿ ಮಾಡಿದರು. ಚಾಂಗಸಾಬನ ಹಿಟ್ಟು ಮುಗಿಯಿತು, ಧರ್ಮಣ್ಣನ ಜೀವ ಉಳಿಯಿತು.

"ನಿಮ್ಮ ಕಾಲಗುಣ ಅಕ್ಕಾ!" ಎಂದು ಚಾಂಗಸಾಬ ಕಣ್ಣು ಒರೆಸಿಕೊಳ್ಳುತ್ತ ಕೇಸರಿ ರೇಷ್ಮೆ ರುಮಾಲನ್ನು ತಾನೇ ಅವನ ತಲೆಗೆ ಸುತ್ತಿದ. ದುಡ್ಡು ಮುಟ್ಟಲಿಲ್ಲ.

ಮಾದನಹಿಪ್ಪರಗಾದ ಬಸ್ಸು ತಗ್ಗಿಗೆ ಇಳಿದಾಗಲೆಲ್ಲ ಧರ್ಮಣ್ಣನ ಹೊಟ್ಟೆಯಲ್ಲಿ ಕಡುಬುಗಳು ಜಾಗ ಬದಲಿಸುತ್ತಿದ್ದವು. ಪಕ್ಕದಲ್ಲಿ ಕೂತ ತುಳಜಾಬಾಯಿ ಅವನ ಮುಖವನ್ನೇ ನೋಡುತ್ತಿದ್ದಳು.

"ಮಾತಾಡವಲ್ಲಿ ಯಾಕಪಾ? ನಾಚಿಗಿ ಏನು?"

"ಮಾವಶಿ, ತಪ್ಪಾಗ್ಯಾದ. ಮಧ್ಯಾಹ್ನ ಚಾಂಗಸಾಬನ ಖಾನಾವಳ್ಯಾಗ... ಜರಾ ಹೆಚ್ಚಾತು. ಈಗ ಒಂದು ಗುಟುಕು ನೀರೂ ಇಳಿಯಂಗಿಲ್ಲ. ಅವರ ಮುಂದ ಖರೇ ಹೇಳಿಬಿಡ್ತೇನಿ."

ತುಳಜಾಬಾಯಿ ಹಣೆ ಹಣೆ ಬಡಿದುಕೊಂಡಳು. "ಬಾಯಿ ಬಿಟ್ಟಿ ಅಂದ್ರ ಸಂಬಂಧ ಮುರೀತು! ಸೈದಪ್ಪ ಹೊರಗ ನೀರ ಸೈತ ಮುಟ್ಟಂಗಿಲ್ಲ. ಅಂಥವನ ಮುಂದ ಚೀನಿ ಕಡುಬಿನ ಸುದ್ದಿ ಹೇಳ್ತಾನಂತ. ಸುಮ್ಮ ಉಣ್ಣು. ಹ್ಯಾಂಗರ ಮಾಡಿ ಉಣ್ಣು."

ಸೈದಪ್ಪನ ಪಡಸಾಲೆಯಲ್ಲಿ ಮಣೆ ಹಾಕಿದ್ದರು. ಎದುರಿಗೆ ಬಂಡಿಯ ಗಾಲಿಯಷ್ಟು ಅಗಲದ ಹಿತ್ತಾಳೆ ತಾಟು. ಅದರಲ್ಲಿ ಆಗ ತಾನೆ ಬಡಿದ ಬಿಳಿ ಜೋಳದ ರೊಟ್ಟಿಗಳು, ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ, ಕೆನೆ ಕಟ್ಟಿದ ಮೊಸರು, ಗೋಧಿ ಹುಗ್ಗಿ. ಇಷ್ಟು ವರ್ಷ ಖಾನಾವಳಿಯ ನೀರುಸಾರಿನ ಮುಂದೆ ಕೂತು ಕನಸು ಕಂಡ ಊಟ ಅದೇ. ಧರ್ಮಣ್ಣನಿಗೆ ನಿಜವಾಗಿಯೂ ಅಳು ಬಂತು.

ತುಪ್ಪ ಬಡಿಸಲು ಭಾಗಮ್ಮ ಬಂದಳು. ಸಣಕಲು ಹುಡುಗಿ, ದೊಡ್ಡ ದೊಡ್ಡ ಕಣ್ಣು. ಹುಗ್ಗಿಯ ಮೇಲೆ ಧಾರಾಳವಾಗಿ ತುಪ್ಪ ಸುರಿದು, ಅವನು ಯಾವಾಗ ಕೈ ಹಾಕುತ್ತಾನೋ ಎಂದು ಆಸೆಯಿಂದ ನೋಡಿದಳು. ಧರ್ಮಣ್ಣನಿಗೆ ಮೊದಲ ಸಲ ಅಡುಗೆಮನೆ ಮರೆತುಹೋಯಿತು. ಈ ಹುಡುಗಿ ಕೈ ತಪ್ಪಬಾರದು ಎನಿಸಿತು. ಆದರೆ ಬಾಯಿಯವರೆಗೆ ತುಂಬಿದ ಚೀಲಕ್ಕೆ ಇನ್ನೆಲ್ಲಿ ಸುರಿಯುವುದು? ಎಂಜಲಾದ ಮೇಲೆ ಬಿಡುವಂತಿಲ್ಲವಲ್ಲ, ಅದಕ್ಕೆ ಮೊದಲೇ, ಬಡಿಸಲು ನಿಂತಿದ್ದ ಭಾಗಮ್ಮನ ತಾಯಿಗೆ ಕೈ ಮುಗಿದ.

"ಅಮ್ಮಾರ, ಇನ್ನಾ ಮುಟ್ಟಿಲ್ರಿ. ಅರ್ಧ ರೊಟ್ಟಿ, ಒಂದು ಚೂರು ಪಲ್ಯ ಬಿಟ್ಟು ಉಳಿದದ್ದೆಲ್ಲಾ ತೆಗೀರಿ."

ಸೈದಪ್ಪನ ಹೆಂಡತಿ ಶರಣಬಸಮ್ಮ ಕಿವಿಗೆ ಕೈ ಇಟ್ಟಳು. "ಏನಂದ್ರಿ?"

"ಅರ್ಧ ಸಾಕ್ರಿ."

ಆ ಅರ್ಧ ರೊಟ್ಟಿಯನ್ನು ಅವನು ಕಷಾಯ ಕುಡಿಯುವ ಕೂಸಿನಂತೆ ಕಣ್ಣು ಮುಚ್ಚಿ ನುಂಗಿದ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಳಗೆ ಎದ್ದು ಹೋದರು. ಪಿಸುಪಿಸು ಮಾತು ಕೇಳಿಸಿತು. "ಹೋತು, ಎಲ್ಲಾ ಹೋತು," ಎಂದು ತುಳಜಾಬಾಯಿ ಸೆರಗು ಬಾಯಿಗಿಟ್ಟುಕೊಂಡಳು.

ಸೈದಪ್ಪ ಹೊರಗೆ ಬಂದಾಗ ಅವನ ಕಣ್ಣುಗಳು ಒದ್ದೆಯಾಗಿದ್ದವು. ಸೀದಾ ಬಂದು ಧರ್ಮಣ್ಣನನ್ನು ಅಪ್ಪಿಕೊಂಡ. ಧರ್ಮಣ್ಣನಿಗೆ ಉಸಿರು ಸಿಕ್ಕಿಕೊಂಡಿತು.

"ತುಳಜಾಬಾಯಿ, ಹುಡುಕಿದ್ರೂ ಸಿಗಲಾರದ ಅಳಿಯನ್ನ ತಂದೀರಿ! ಇದಕ್ಕಿಂತ ಮೊದಲ ಬಂದವರಿಗೆಲ್ಲಾ ಇದೇ ತಾಟು ಇಟ್ಟು ನೋಡೇವಿ. ಒಬ್ಬವ ರೊಟ್ಟಿ ಬುಟ್ಟಿನೇ ಬಳದ. ಇನ್ನೊಬ್ಬವ ಹುಗ್ಗಿ ಮತ್ತ ಕೇಳಿದ! ಅಂಥವರನ್ನ ಮನಿಯಾಗ ಇಟ್ಕೊಂಡ್ರ ಹಗೇವು ಉಳೀತದೇನ್ರಿ? ಹಗೇವು ಸುಮ್ಮ ತುಂಬಿಲ್ಲ. ನಮ್ಮಪ್ಪನ ಕಾಲದಿಂದ ನಮ್ಮ ಮನ್ಯಾಗ ಹೊತ್ತಿಗಿ ಒಬ್ಬೊಬ್ಬರಿಗಿ ಅರ್ಧ ರೊಟ್ಟಿ. ಇವರು ಯಾರೂ ಹೇಳದನ ಅರ್ಧ ಬೇಡಿದ್ರು ನೋಡ್ರಿ. ಹುಟ್ಟಾ ನಮ್ಮ ಮನಿ ಮನಷ್ಯಾ!"

ತುಳಜಾಬಾಯಿ ಆನಂದದಿಂದ ಧರ್ಮಣ್ಣನ ಬೆನ್ನು ತಟ್ಟಿದಳು. ಧರ್ಮಣ್ಣ ಮಾತ್ರ ಒಳಗೆ ಹೋಗುತ್ತಿದ್ದ ಹಿತ್ತಾಳೆ ತಾಟನ್ನೇ ನೋಡುತ್ತಿದ್ದ. ಶರಣಬಸಮ್ಮ ಅದನ್ನು ಕೋಣೆಯೊಳಗಿಟ್ಟು ಕೀಲಿ ಹಾಕಿ, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು.

ಹಿರಿಯರು ಮುಹೂರ್ತದ ಮಾತಿಗೆ ತೊಡಗಿದಾಗ ಭಾಗಮ್ಮ ಅಂಗಳಕ್ಕೆ ಧರ್ಮಣ್ಣನಿಗೆ ಕೈ ತೊಳೆಯಲು ನೀರು ತಂದಳು. ತಲೆ ತಗ್ಗಿಸಿಕೊಂಡೇ ಮೆಲ್ಲಗೆ ಕೇಳಿದಳು. "ಖರೇನೇ ನೀವು ಇಷ್ಟೇ ಉಣ್ತೀರೇನ್ರಿ?"

ಧರ್ಮಣ್ಣ ಬಾಯಿ ತೆರೆದ. ಪಡಸಾಲೆಯಿಂದ ತುಳಜಾಬಾಯಿ ಕಣ್ಣು ಬಿಟ್ಟಳು.

"ಹೌದ್ರಿ," ಎಂದ.

ಹುಡುಗಿಯ ಕಣ್ಣಲ್ಲಿ ನೀರು ಬಂತು. "ಚಂದಂಗ ಉಣ್ಣೋ ಗಂಡ ಸಿಗಲಿ, ಅವರ ಹೆಸರಿಲೆ ನನಗೂ ಹೊಟ್ಟಿತುಂಬ ರೊಟ್ಟಿ ಸಿಗ್ತಾವ ಅಂತ ಸೋಮವಾರ ಸೋಮವಾರ ಉಪಾಸ ಮಾಡಿದ್ದೆ. ಆತು ಬಿಡ್ರಿ," ಎಂದು ತಂಬಿಗೆ ಎತ್ತಿಕೊಂಡು ಹೊರಟುಹೋದಳು. ಮದುವೆಗೆ ಮೊದಲೇ ಹೆಂಡತಿಗೆ ಮೋಸ ಮಾಡಿದಂತಾಗಿ ಧರ್ಮಣ್ಣನಿಗೆ ಸಂಕಟವಾಯಿತು.

ಆಳಂದಕ್ಕೆ ಬಸ್ಸು ಇದ್ದದ್ದು ಮರುದಿನ. ಬೆಳಗಾಗುವಷ್ಟರಲ್ಲಿ ಚಾಂಗಸಾಬನ ಕಡುಬುಗಳ ಗುರುತೂ ಉಳಿದಿರಲಿಲ್ಲ. ಹಸಿದು ಕೂತಿದ್ದ ಧರ್ಮಣ್ಣನ ಮುಂದೆ ಶರಣಬಸಮ್ಮ ಅರ್ಧ ರೊಟ್ಟಿ ತಂದಿಟ್ಟಳು. ಅವನು ಅದನ್ನು ಎರಡೇ ತುತ್ತಿಗೆ ಮುಗಿಸಿ, ನಾಚಿಕೆ ಬಿಟ್ಟು ತಲೆಯೆತ್ತಿ ಆಕೆಯ ಮುಖ ನೋಡಿದ.

ಆಕೆ ಕರುಳು ಚುರುಕ್ಕೆಂದವಳಂತೆ ಹತ್ತಿರ ಬಂದು ಕೂತಳು. "ಅಯ್ಯ ನನ್ನಪ್ಪಾ, ಬೇಕಾಗಿರಲಿಲ್ಲ ಅಂದ್ರೂ ನನ್ನ ಮನಸ್ಸಿಗಿ ಬ್ಯಾಸರ ಆಗಬಾರದಂತ ಗಡಬಡ ನುಂಗಿದ್ರೇನು? ಮೊದಲೇ ಹೇಳಬಾರದೇನ್ರಿ! ಮದುವಿ ಆದ ಮ್ಯಾಲ ನಿಮಗ ಕಾಲು ರೊಟ್ಟಿನೇ ಹಾಕ್ತೇನಿ ತಗೋರಿ."