ನಮ್ಮ ಅತ್ತೆಯವರ ಅರ್ಧ ಜಡೆಯ ವಿಷಯ

ಸ್ಯಾನ್ ಫ್ರಾನ್ಸಿಸ್ಕೋದ ಸಾಂಸ್ಕೃತಿಕ ಪ್ರವಾಸ ಸಂಸ್ಥೆಯ ಘನ ವ್ಯವಸ್ಥಾಪಕರಿಗೆ,

ಮಾನ್ಯರೇ,

ಯೂನಿಯನ್ ಸಿಟಿಯ ಅಪಾರ್ಟ್‌ಮೆಂಟೊಂದರ ಎರಡನೇ ಮಹಡಿಯಿಂದ ಯೋಗಾನಂದನೆಂಬ ಗ್ರಾಹಕನ ಸಾಷ್ಟಾಂಗ ನಮಸ್ಕಾರಗಳು. ತಾವೂ ತಮ್ಮ ಸಿಬ್ಬಂದಿಯೂ ತಮ್ಮ ಮಿನಿ ಬಸ್ಸುಗಳೂ ಕ್ಷೇಮವೆಂದು ನಂಬಿ, ಆಫ್ರಿಕಾದ ನಮೀಬಿಯಾದಲ್ಲಿ ದನ ಸಾಕಿ ಬದುಕುವ ಹಿಂಬಾ ಜನರ ಹಳ್ಳಿಯಲ್ಲಿ ತಾವು ದಯಪಾಲಿಸಿದ ನಲವತ್ತು ನಿಮಿಷಗಳ ಬಗ್ಗೆ ಈ ದೂರನ್ನು, ಕ್ಷಮಿಸಿ, ಈ ಪ್ರಶಂಸೆಯನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಮ್ಮ ಅತ್ತೆ ಲಿಂಗಮ್ಮನವರು ಮಾವನವರು ತೀರಿಕೊಂಡ ಮೇಲೆ ಮಂಡ್ಯದ ಕಡೆಯಿಂದ ನಮ್ಮಲ್ಲಿಗೆ ಬಂದವರು. ಹನ್ನೊಂದು ತಿಂಗಳು ಅವರು ಆಡಿದ್ದು 'ಹ್ಞೂಂ', 'ಬ್ಯಾಡ' ಎಂಬ ಎರಡೇ ಮಾತು. ಎಲ್ಲಿಗಾದರೂ ಹೋದರೆ ಮನಸ್ಸು ತಿರುಗೀತೆಂದು ನನ್ನ ಹೆಂಡತಿ ವಾಣಿಶ್ರೀ ಮೂವರ ಹೆಸರನ್ನೂ ತಮ್ಮಲ್ಲಿ ಬರೆಸಿದಳು. ಏನನ್ನೂ ಮುಟ್ಟಬಾರದು, ದುಭಾಷಿಯ ಮೂಲಕವೇ ಮಾತನಾಡಬೇಕು ಎಂದು ತಮ್ಮ ಗೈಡು ನಿವೇದಿತಾ ಅವರು ಬಸ್ಸಿನಲ್ಲೇ ಸೊಗಸಾಗಿ ಓದಿ ಹೇಳಿದರು.

ಹಳ್ಳಿಯಲ್ಲಿ ವಾಪೆಂಗಾ ಎಂಬ ಹಿರಿಯ ಹೆಂಗಸು ಕೆಂಪು ಕಲ್ಲಿನ ಪುಡಿಯನ್ನು ಬೆಣ್ಣೆಯಲ್ಲಿ ಕಲಸಿ ಮಗಳ ಜಡೆಗೆ ಮೆತ್ತುತ್ತಿದ್ದರು. ನಾವು ಹನ್ನೆರಡು ಜನ ಸುತ್ತ ನಿಂತು ಅತ್ಯಂತ ಗೌರವದಿಂದ ದಿಟ್ಟಿಸುತ್ತಿದ್ದಾಗ ಅತ್ತೆಯವರು ನೆರಿಗೆ ಸಿಕ್ಕಿಸಿಕೊಂಡು ಹೋಗಿ ಆಕೆಯ ಪಕ್ಕ ಕುಳಿತರು, ಬೆಣ್ಣೆ ಮೂಸಿದರು. "ವಸಿ ಹಳೇದಾಗದೆ ಕಣವ್ವ, ಆದ್ರೂ ತಲೆಗೆ ಇಂಥದ್ದೇ ಸರಿ" ಎಂದರು. ವಾಣಿಶ್ರೀ ನನ್ನ ತೋಳು ಹಿಡಿದುಕೊಂಡಳು. ವಾಪೆಂಗಾ ತಮ್ಮ ಭಾಷೆಯಲ್ಲಿ ಉತ್ತರ ಕೊಟ್ಟರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಒಂದಕ್ಷರವೂ ಬಾರದ ಕಾರಣ ಮಾತು ಎಲ್ಲಿಯೂ ನಿಲ್ಲಲಿಲ್ಲ. ನಿರುದ್ಯೋಗಿಯಾದ ದುಭಾಷಿ ನನ್ನ ಊಟದ ಪೊಟ್ಟಣವನ್ನು ಬಿಚ್ಚಿದರು.

ಆಮೇಲೆ ಅತ್ತೆಯವರು ನನ್ನತ್ತ ಬೆರಳು ತೋರಿ, "ನಮ್ಮ ಅಳಿಯಂದ್ರು ದಿನಾ ಡಬ್ಬಿ ಮುಂದೆ ಕುಂತ್ಕಂಡು ಒಬ್ರೇ ಮಾತಾಡ್ತರೆ" ಎಂದು ಲ್ಯಾಪ್‌ಟಾಪಿನಲ್ಲಿ ನಡೆಯುವ ನನ್ನ ಆಫೀಸು ಮೀಟಿಂಗನ್ನು ಅಭಿನಯಿಸಿದರು. ಹಳ್ಳಿಯವರಿಗೆ ನಂಬಿಕೆ ಬರಲಿಲ್ಲ. ನನ್ನನ್ನು ದನದ ಚರ್ಮದ ಮೇಲೆ ಕೂರಿಸಿ, ಎದುರಿಗೊಂದು ಚಪ್ಪಟೆ ಕಲ್ಲಿಟ್ಟು, ಮೀಟಿಂಗು ನಡೆಸಿ ತೋರಿಸಲು ಹೇಳಿದರು. ನಾನು ಕಲ್ಲಿಗೆ ಈ ವಾರದ ಪ್ರಗತಿಯನ್ನು ವರದಿ ಮಾಡಿದೆ. ನನಗೆಷ್ಟು ದನಗಳಿವೆ ಎಂದು ದುಭಾಷಿಯ ಮೂಲಕ ಕೇಳಿ, ಒಂದೂ ಇಲ್ಲವೆಂದು ತಿಳಿದಾಗ, ನಗು ನಿಂತು ಎಲ್ಲರೂ ವಾಣಿಶ್ರೀಯನ್ನು ಕನಿಕರದಿಂದ ನೋಡಿದರು.

ಅಷ್ಟರಲ್ಲಿ ವಾಪೆಂಗಾ ಅತ್ತೆಯವರ ತುರುಬು ಬಿಚ್ಚಿ ಎಡಗಡೆಯ ಕೂದಲನ್ನೆಲ್ಲ ಹೆಣೆದು ಕೆಂಪಗೆ ಮೆತ್ತಿದ್ದರು. ಬಲಗಡೆಗೆ ಕೈ ಹಾಕಿದ್ದೇ ತಡ, ನಲವತ್ತು ನಿಮಿಷ ಮುಗಿಯಿತೆಂದು ತಮ್ಮ ಗೈಡು ಸೀಟಿ ಊದಿದರು. ಇಂಥ ಸಮಯಪ್ರಜ್ಞೆಯನ್ನು ನಾನು ಇನ್ನೆಲ್ಲೂ ಕಂಡಿಲ್ಲ. ವಾಪೆಂಗಾ ಕೂದಲು ಬಿಡಲಿಲ್ಲ, ಅತ್ತೆ ಏಳಲಿಲ್ಲ. ಇಬ್ಬರು ಚಾಲಕರು ಸೇರಿ ಅತ್ತೆಯವರನ್ನು ಬಸ್ಸು ಹತ್ತಿಸಬೇಕಾಯಿತು. "ಇನ್ನರ್ಧ?" ಎಂದು ಅತ್ತೆ ಕಿಟಕಿಯಿಂದ ಕೂಗುತ್ತಲೇ ಇದ್ದರು.

ಈಗ ಅವರ ತಲೆ ಎಡಕ್ಕೆ ಕೆಂಪು, ಬಲಕ್ಕೆ ಬಿಳಿ. ತೊಳೆಯಲು ಬಿಡುತ್ತಿಲ್ಲ. ರೈಲು ನಿಲ್ದಾಣದಲ್ಲಿ ಗುರುತಿಲ್ಲದವರನ್ನೆಲ್ಲ ತಡೆದು, ಮಂಡ್ಯದ ಕನ್ನಡದಲ್ಲಿ ಇಡೀ ಕಥೆ ಹೇಳುತ್ತಾರೆ. ನಾವು ಎರಡು ಬಾರಿ ರೈಲು ತಪ್ಪಿಸಿಕೊಂಡಿದ್ದೇವೆ. ವಾಣಿಶ್ರೀ ಪಕ್ಕದಲ್ಲಿ ನಿಂತು ಕೇಳುತ್ತಾ ಕಣ್ಣೊರೆಸಿಕೊಳ್ಳುತ್ತಾಳೆ.

ಆದಕಾರಣ ತಾವು ವಾಪೆಂಗಾ ಅವರನ್ನು, ಬಿಟ್ಟು ಬರಲಾರದ ಅವರ ದನಗಳ ಸಮೇತ, ಯೂನಿಯನ್ ಸಿಟಿಗೆ ಕರೆತಂದು ಬಲಗಡೆಯನ್ನು ಪೂರೈಸಿಕೊಡಬೇಕು. ಅದು ಕಷ್ಟವಾದರೆ ಯೂನಿಯನ್ ಸಿಟಿಯನ್ನೇ ಕೊಂಚ ಅತ್ತ ಸರಿಸಬೇಕೆಂದು ಪ್ರಾರ್ಥನೆ.

ಕೆಂಪಾದ ನಾಲ್ಕು ದಿಂಬುಗಳ ಸಾಕ್ಷಿಯಾಗಿ,
ತಮ್ಮ ವಿಶ್ವಾಸಿ,
ಯೋಗಾನಂದ

ಮರೆತಿದ್ದ ಮಾತು: ತಮ್ಮ ಹೊಸ ಪ್ರಚಾರ ಪುಸ್ತಿಕೆ ಅಂಚೆಯಲ್ಲಿ ಬಂತು. ಮುಖಪುಟದಲ್ಲಿ 'ಸಾವಿರ ವರ್ಷಗಳಿಂದ ಬದಲಾಗದ ಹಿಂಬಾ ಮುಖ' ಎಂದು ಎಡಗಡೆಯಿಂದ ಫೋಟೋ ತೆಗೆದು ಅಚ್ಚು ಹಾಕಿಸಿರುವುದು ನಮ್ಮ ಅತ್ತೆಯವರ ಮುಖವನ್ನು. "ಚೆನ್ನಾಗಿ ಬಂದಿವ್ನಿ, ಆ ಅವ್ವಂಗೂ ಒಂದು ಕಳಿಸಕ್ಕೇಳಿ" ಎಂದರು. ಇದೇ ಮುಖಪುಟಕ್ಕೆ ಮರುಳಾಗಿ ನಮ್ಮ ಪಕ್ಕದ ಮನೆಯ ಕಮರುದ್ದೀನ್ ದಂಪತಿ ತಮ್ಮ ಪ್ರವಾಸಕ್ಕೆ ಹೆಸರು ಕೊಟ್ಟಿದ್ದಾರೆ. ಆ ಮುಖ ನೋಡಲು ನಮ್ಮ ಬಾಗಿಲು ತಟ್ಟಿದರೆ ಸಾಕೆಂದು ನಾನಿನ್ನೂ ಅವರಿಗೆ ಹೇಳಿಲ್ಲ.