ಪೈ ಅಂಗಡಿಯ ಶಟರ್ ಮತ್ತು ಎಡಬದಿಯ ಆಟಗಾರ

ಕಪ್ ಗೆದ್ದ ಹಳೆಯ ತಂಡದ ಚಿತ್ರವನ್ನು ಹಾಲ್‌ಶಾ ಟೌನ್ ಫುಟ್‌ಬಾಲ್ ಕ್ಲಬ್ಬಿನವರು ಮೈದಾನದ ಹೊರಗೋಡೆಯ ಮೇಲೆ ಬರೆಸಿದರು. ಹನ್ನೊಂದು ಜನರ ತಂಡದಲ್ಲಿ ಹತ್ತೇ ಜನ ಚಿತ್ರದಲ್ಲಿದ್ದರು. ಎಡಬದಿ ಕಾಯುತ್ತಿದ್ದ ಡಿಫೆಂಡರ್ ಕ್ಲಿಫ್ ಆಕ್‌ರಾಯ್ಡ್ ಇರಬೇಕಾದ ಕಡೆ ಮಾಂಸ ತುಂಬಿದ ಬಿಸಿ ಪೈ ಮಾರುವ ಅಂಗಡಿಯ ಶಟರ್ ಇತ್ತು.

ಪಂದ್ಯದ ದಿನ ಬೆಳಿಗ್ಗೆ ಪಕ್ಕದ ಮನೆಯ ವಿಲ್ಫ್ ಬೇಲಿಯ ಮೇಲಿಂದ ಕತ್ತು ಚಾಚಿ ಕ್ಲಿಫ್‌ಗೆ ಸುದ್ದಿ ಮುಟ್ಟಿಸಿದ. "ಗೋಲ್‌ಕೀಪರ್ ಇದಾನೆ, ಗೋಲ್ ಹೊಡೆದ ರೆಜ್ ಇದಾನೆ, ಕ್ಲಬ್ಬಿನ ನಾಯೀನೂ ಇದೆ. ನೀನಿಲ್ಲ ಕಣೋ!"

"ನಾಯೀನಾ?"

"ಚೆನ್ನಾಗೇ ಬಂದಿದೆ."

ಆ ತಂಡಕ್ಕೆ ಕ್ಲಿಫ್ ಮುಂದಿನ ಹಲ್ಲು, ನೆಟ್ಟಗಿದ್ದ ಮೂಗು, ಎರಡೂ ಮಂಡಿ ಕೊಟ್ಟಿದ್ದ. ಫೈನಲ್ಲಿನ ಕೊನೆ ಗಳಿಗೆಯಲ್ಲಿ ಗೋಲಿನ ಗೆರೆಯ ಮೇಲೆ ಚೆಂಡನ್ನು ಮುಖದಿಂದಲೇ ತಡೆದಿದ್ದ. ಗೋಲು ಹೊಡೆದವನ ಹೆಸರು ಒಂದು ಬೀದಿಗೆ ಬಂತು. ತಡೆದವನ ಪಾಲಿಗೆ ಊರುಗೋಲು ಬಂತು. ಬಟ್ಟೆ ನೇಯ್ದವರು ಚಳಿಯಲ್ಲಿ, ಗಿರಣಿ ಮಾಲೀಕರು ಕಂಚಿನ ಪ್ರತಿಮೆಯಲ್ಲಿ: ಆ ಊರಿನ ನ್ಯಾಯವೇ ಹಾಗೆ.

ಕ್ಲಿಫ್ ಹಳೆಯ ಜೆರ್ಸಿ ತೊಟ್ಟ. ಉಬ್ಬಿದ ಹಿಟ್ಟಿನಂತೆ ಹೊಟ್ಟೆ ಹೊರಗಿಣುಕಿತು. ನೇರ ಹೋಗಿ ಶಟರಿಗೆ ಅಂಟಿಕೊಂಡು ನಿಂತ. "ಗೋಡೆ ಮೇಲೆ ನನ್ನನ್ನ ಬರೆಯೋ ತನಕ ಇಲ್ಲಿಂದ ಅಲ್ಲಾಡಲ್ಲ!"

ಒಳಗಿನಿಂದ ಅಂಗಡಿಯ ಹಿಲ್ಡಾ ಕೂಗಿದಳು. "ಸರ್ಕೊಳ್ಳೋ ಚಿನ್ನಾ, ಪೈ ಒಣಗ್ತಿದೆ."

"ಒಣಗ್ಲಿ. ನಾನು ಒಣಗಿಲ್ವಾ?"

ವಿಲ್ಫ್ ಜೊತೆಗಿರಲೆಂದು ಅವನ ಹಿಂದೆ ನಿಂತ. ಅಲ್ಲೇ ಎಡವಟ್ಟಾಯಿತು. ಮುಚ್ಚಿದ ಬಾಗಿಲೆದುರು ಒಬ್ಬರ ಹಿಂದೊಬ್ಬರು ನಿಂತದ್ದನ್ನು ಕಂಡೂ ಹಾಗೇ ದಾಟಿಹೋಗುವ ಮನುಷ್ಯ ಹಾಲ್‌ಶಾದಲ್ಲಿ ಇನ್ನೂ ಹುಟ್ಟಿಲ್ಲ. ಮೂರನೆಯವನು ಬಂದು ಸೇರಿದ. ಸಾಲು ಬೆಳೆಯಿತು.

"ಯಾತಕ್ಕೆ ಸಾಲು ಇದು?"

"ಗೊತ್ತಿಲ್ಲಮ್ಮಾ. ನೀವು ನನ್ನ ಹಿಂದೆ ಬನ್ನಿ."

"ಇದು ಸಾಲಲ್ಲ, ಪ್ರತಿಭಟನೆ!" ಎಂದು ಕ್ಲಿಫ್ ಅರಚಿದ.

"ಆಗ್ಲಿ ಬಿಡು ಯಜಮಾನ, ನಾವೇನು ನುಗ್ತಿದೀವಾ?" ಎಂದರು ಹಿಂದಿನವರು.

ಮಹಡಿಯ ಕಿಟಕಿಯಿಂದ ಕ್ಲಬ್ಬಿನ ಅಧ್ಯಕ್ಷ ಗ್ರಿಂಡ್ಲಿ ಇಣುಕಿದ. ಸಾಲು ಮೂಲೆ ತಿರುಗಿ ಬಸ್‌ಸ್ಟಾಪು ದಾಟಿತ್ತು. ಇಷ್ಟು ಜನ ಅವನ ಆಡಳಿತದಲ್ಲಿ ಪಂದ್ಯ ನೋಡಲೂ ಬಂದಿರಲಿಲ್ಲ. ಊರೇ ಮುದುಕನ ಬೆನ್ನಿಗಿದೆ ಎಂದುಕೊಂಡು, ಸುಣ್ಣದಂತೆ ಬಿಳಿಚಿ ಕೆಳಗೋಡಿ ಬಂದ.

"ಎಲ್ಲಿ ಬರೆಸ್ಲಿ ಹೇಳು ಮಾರಾಯಾ!"

"ನನ್ನ ಜಾಗದಲ್ಲಿ. ಇಲ್ಲೇ."

ನಾಯಿಯ ಬಾಲ ತಿದ್ದುತ್ತಿದ್ದ ಚಿತ್ರಗಾರ್ತಿಯನ್ನು ಕರೆಸಿದರು. ಕ್ಲಿಫ್ ಪಕ್ಕಕ್ಕೆ ಸರಿದ. ಶಟರಿನ ಮೇಲೆ ಸೊಟ್ಟ ಮೂಗು ಮೂಡಿತು, ಜೆರ್ಸಿ ಮೂಡಿತು, ನೋವಿಲ್ಲದ ಮಂಡಿಗಳು ಮೂಡಿದವು. ಕ್ಲಿಫ್ ಕಣ್ಣೊರೆಸಿಕೊಂಡ. ಸಾಲು ಚಪ್ಪಾಳೆ ತಟ್ಟಿತು.

ಪಂದ್ಯದ ಹೊತ್ತಾಗುತ್ತ ಬಂದಿತ್ತು. ದಾರಿ ತೆರವಾದದ್ದೇ ತಡ, ಹಿಲ್ಡಾ ಒಳಗಿನಿಂದ ಸರಪಳಿ ಜಗ್ಗಿದಳು. ಗರಗರನೆ ಶಟರ್ ಮೇಲೆ ಸುರುಳಿಯಾಯಿತು. ಮೊದಲು ಕ್ಲಿಫ್‌ನ ತಲೆ ಹೋಯಿತು, ಆಮೇಲೆ ಎದೆ, ಮಂಡಿ. ಕಡೆಗೆ ಬೂಟುಗಳನ್ನೂ ಅದು ನುಂಗಿತು. ಹಸಿ ಬಣ್ಣದಲ್ಲಿ ಮೂಗಿಗೆ ಮಂಡಿ ಅಂಟಿಕೊಂಡಿತು. ಅವನಿದ್ದಲ್ಲಿ ಈಗ ಪೈಗಳು ಹಬೆಯಾಡುತ್ತಿದ್ದವು.

"ಹಿಲ್ಡಾ! ಇಳಿಸು ಅದನ್ನ!"

"ಇಳಿಸ್ತೀನಿ ಚಿನ್ನಾ. ಪಂದ್ಯ ಮುಗ್ದು ಎಲ್ರೂ ಮನೆಗೆ ಹೋಗ್ಲಿ."

ಕ್ಲಿಫ್ ಧಾವಿಸಿ ಪೈ ಇಟ್ಟ ಹಲಗೆಗೆ ಎರಡೂ ಕೈ ಊರಿ, ಚಿತ್ರ ಹೋದ ಜಾಗದಲ್ಲಿ ತಾನೇ ಕಾಲಗಲಿಸಿ ಅಡ್ಡ ನಿಂತ. ಸಾಲಿನಲ್ಲಿ ಹುಯಿಲೆದ್ದಿತು.

"ಏಯ್, ಮಧ್ಯೆ ನುಗ್ತಾನೆ ನೋಡ್ರೀ!"

"ನೀನು ಸಾಲು ಬಿಟ್ಟು ಆಚೆ ಹೋಗಿದ್ದೆ ಕಣೋ. ನ್ಯಾಯ ಅಂದ್ರೆ ನ್ಯಾಯ," ಎಂದ ವಿಲ್ಫ್.

ಗ್ರಿಂಡ್ಲಿಗೆ ಈಗ ಜೀವ ಬಂತು. ಬೆರಳು ಚಾಚಿ ಬಸ್‌ಸ್ಟಾಪಿನ ಆಚೆಗೆ ತೋರಿಸಿದ. "ಕೇಳಿಸ್ತಲ್ಲ ಕ್ಲಿಫ್? ಹಿಂದಕ್ಕೆ ಹೋಗು."

ಕ್ಲಿಫ್ ಮಂಡಿ ಬಿಗಿ ಮಾಡಿಕೊಂಡ.

"ಹೋಗಲ್ಲ."